ಒಂದು ನಂಬರು, ಹನ್ನೊಂದು ಬರಣಿ

ನಿವೃತ್ತಿಯಾದ ಮೇಲೂ ವರ್ಷಕ್ಕೊಮ್ಮೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆಯುತ್ತಾರೆ. ಹೋದ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, "ಮ್ಯಾಡಮ್, ಸೀರಿಯಲ್ ಕಿಲ್ಲರ್, ಮಾಸ್ ಮರ್ಡರರ್, ಇವರಿಬ್ಬರಲ್ಲಿ ಯಾರು ಹೆಚ್ಚು ಡೇಂಜರಸ್?" ಎಂದು ಕೇಳಿದಳು. ಅವಳ ಮುಖದಲ್ಲಿ ಹೊಸ ಸಿನಿಮಾದ ಟಿಕೆಟ್ ಸಿಕ್ಕವರ ಖುಷಿ ಇತ್ತು. ನನಗೆ ಮೈ ಉರಿದುಹೋಯಿತು. "ಪುಸ್ತಕದಲ್ಲಿದೆ, ಓದಿಕೋ" ಎಂದು ಕೂರಿಸಿಬಿಟ್ಟೆ. ಮನೆಗೆ ಬಂದ ಮೇಲೆ ಪಾಪ ಅನ್ನಿಸಿತು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹೇಳಲು ಕೂತರೆ ಹೊತ್ತು ಮುಳುಗುವಷ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪುಸ್ತಕದಲ್ಲಿ ಏನಿದೆ? ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಹಲವರನ್ನು ಕೊಂದವನು ಸಾಮೂಹಿಕ ಕೊಲೆಗಾರ. ಒಬ್ಬರಾದ ಮೇಲೆ ಒಬ್ಬರನ್ನು, ನಡುವೆ ತಣ್ಣಗೆ ಕೂತು, ಬಿಡುವು ಮಾಡಿಕೊಂಡು ಕೊಲ್ಲುವವನು ಸರಣಿ ಕೊಲೆಗಾರ. ಸುಳ್ಳೇನಲ್ಲ. ಆದರೆ ಅದು ಕೊಲೆಗಾರನ ಕಡೆಯಿಂದ ನೋಡಿದ ಮಾತು. ನಮ್ಮ ಮೇಜಿನ ಕಡೆಯಿಂದ ನೋಡಿದರೆ ವ್ಯತ್ಯಾಸವೇ ಬೇರೆ.

ನಾನು ಧಾರವಾಡದವಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ನಮ್ಮ ಯಜಮಾನರಿಗೆ ಎಣ್ಣೆ ಕಂಪನಿಯಲ್ಲಿ ಕೆಲಸ, ಗುಜರಾತಿನ ಚಾಂದ್‌ಖೇಡಾಕ್ಕೆ ವರ್ಗವಾಯಿತು, ಅವರ ಹಿಂದೆ ಟ್ರಂಕು ಹೊತ್ತು ನಾನೂ ಬಂದೆ. ಅಹಮದಾಬಾದಿನ ಸರ್ಕಾರಿ ಅಪರಾಧ ಪ್ರಯೋಗಾಲಯದ ವಿಷ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಾನು ಸುಮಿತ್ರಾಬೆನ್, ನಮ್ಮಲ್ಲಿ ಅಕ್ಕ ಅಂದ ಹಾಗೆ. ಅನುಮಾನದ ಸಾವಾದರೆ ಡಾಕ್ಟರು ಹೊಟ್ಟೆ, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಗಾಜಿನ ಬರಣಿಗೆ ಹಾಕಿ, ಮುದ್ರೆ ಒತ್ತಿ ಕಳಿಸುತ್ತಾರೆ. ಅದರಲ್ಲಿ ವಿಷ ಇದೆಯೋ ಇಲ್ಲವೋ ಹೇಳುವುದು ನಮ್ಮ ಕೆಲಸ. ಕ್ವಾರ್ಟರ್ಸಿನ ಕನ್ನಡದ ಹೆಂಗಸರು ಸಂಕ್ರಾಂತಿಗೆ ನಾನು ಕೊಟ್ಟ ಎಳ್ಳು ಬೆಲ್ಲವನ್ನು ಕೈಯಲ್ಲಿ ತಗೊಂಡು, ಬಾಯಿಗೆ ಮಾತ್ರ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಯಜಮಾನರು ನಗುತ್ತ, "ಅವ್ರ ಜೀವ ಅವ್ರಿಗೆ ಬೇಕಲ್ಲೇನ, ಬಿಡು" ಅನ್ನುತ್ತಿದ್ದರು.

ಆ ಬರಣಿಗಳು ಬರುತ್ತಿದ್ದ ಚೆಂದವನ್ನೂ ಹೇಳಬೇಕು. ಕಾನ್‌ಸ್ಟೇಬಲ್ ಸರ್ಕಾರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರಬೇಕು. ಒಬ್ಬ ಪುಣ್ಯಾತ್ಮ ಠಾಣೆಯ ಅಡುಗೆ ಕಪಾಟಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಪಕ್ಕ ಬರಣಿ ಇಟ್ಟು, ತರುವ ದಿನ ಉಪ್ಪಿನಕಾಯಿಯನ್ನೇ ಎತ್ತಿಕೊಂಡು ಬಂದ. ನಾವು ಮುಚ್ಚಳ ತೆಗೆದು ನಕ್ಕೆವು. ಆಮೇಲೆ ಇನ್ನೊಂದು ಬರಣಿ ಊಟದ ಹೊತ್ತಿನ ಠಾಣೆಯಲ್ಲಿದೆ ಎಂದು ನೆನಪಾಗಿ ಫೋನಿಗೆ ಓಡಿದೆವು. ಈಗಿನವರಿಗೆ ಯಂತ್ರಗಳಿವೆ. ಸೂಜಿಯಲ್ಲಿ ಒಂದು ಹನಿ ಚುಚ್ಚಿದರೆ ಗೀಟು ಎಳೆದು ಹೆಸರು ಹೇಳುತ್ತದೆ. ನಮ್ಮ ಕಾಲದಲ್ಲಿ ಅರೆಯಬೇಕು, ಸೋಸಬೇಕು, ಕುದಿಸಬೇಕು, ಗಾಜಿನ ಹಲಗೆಯ ಮೇಲೆ ಬಣ್ಣ ಏರುವುದನ್ನು ಕಾಯಬೇಕು. ಅಡುಗೆಮನೆ ಕೆಲಸವೇ. ಒಂದು ಬರಣಿಗೆ ವಾರ ಹಿಡಿಯುತ್ತಿತ್ತು, ಕಪಾಟಿನಲ್ಲಿ ಸರದಿ ತಿಂಗಳುಗಟ್ಟಲೆ.

ವಿಭಾಗದ ಮುಖ್ಯಸ್ಥರು ದೇಸಾಯಿ ಸಾಹೇಬರು. ಇಸ್ತ್ರಿ ಮಾಡಿದ ಖಾದಿ ಅಂಗಿ, ಜೇಬಿನಲ್ಲಿ ಸೋಂಪಿನ ಡಬ್ಬಿ. ಕೆಲಸದಲ್ಲಿ ಅವರ ಹಾಗೆ ಕೈ ಶುದ್ಧವಿದ್ದವರನ್ನು ನಾನು ಆಮೇಲೆ ನೋಡಲಿಲ್ಲ. ಅವರದೊಂದೇ ನಿಯಮ: ಕೇಳಿದ್ದಕ್ಕೆ ಉತ್ತರ. ಪೊಲೀಸರು "ವಿಷ ಇದೆಯೇ?" ಎಂದರೆ "ಇದೆ, ಇಂಥದ್ದು." ಅಷ್ಟೇ. ಅದು ಹೇಗೆ ಬಂತು, ಎಲ್ಲಿಂದ ಬಂತು, ಪಕ್ಕದ ಬರಣಿಯಲ್ಲೂ ಅದೇ ಇದೆಯಾ ಎಂದು ತಾನಾಗಿ ಹೇಳುವ ಹಾಗಿಲ್ಲ. "ಆಪಣೆ ಕೆಮಿಸ್ಟ್ ಛೀಏ ಬೆನ್, ಪೋಲೀಸ್ ನಥೀ" ಅನ್ನುತ್ತಿದ್ದರು. ನಾವು ಕೆಮಿಸ್ಟುಗಳು, ಪೊಲೀಸರಲ್ಲ. ಒಂದು ಪ್ರಕರಣಕ್ಕೆ ಒಂದು ನಂಬರು. ಒಂದು ನಂಬರಿನ ಬರಣಿಗೂ ಇನ್ನೊಂದು ನಂಬರಿನ ಬರಣಿಗೂ ನಮ್ಮ ಕಟ್ಟಡದೊಳಗೆ ಮಾತುಕತೆ ಇಲ್ಲ. ಈ ನಂಬರಿನ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ. ನಾನು ಹೇಳಹೊರಟದ್ದೆಲ್ಲ ಅದರ ಮೇಲೇ ನಿಂತಿದೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ವಡೋದರಾದ ಪೊಲೀಸರಿಂದ ದೇಸಾಯಿ ಸಾಹೇಬರಿಗೆ ಫೋನು ಬಂತು. ನಿಮ್ಮಲ್ಲಿ ಕನ್ನಡ ಬಲ್ಲ ಹೆಂಗಸೊಬ್ಬರಿದ್ದಾರಂತೆ, ಕಳಿಸಿಕೊಡಿ. ಗಂಡನನ್ನು ಕೊಂದ ಹೆಂಗಸು ಸಿಕ್ಕಿದ್ದಾಳೆ, ಅವಳ ಮಾತು ಯಾರಿಗೂ ತಿಳಿಯುತ್ತಿಲ್ಲ.

ಹೋದೆ. ಠಾಣೆಯ ಹೊರಗೆ ಒಬ್ಬ ದಪ್ಪ ಮನುಷ್ಯ ಕೊಡೆ ಹಿಡಿದು ನಿಂತಿದ್ದರು. ರೈಲ್ವೆ ಸ್ಟೇಷನ್ ಹತ್ತಿರ ಉಡುಪಿ ಹೋಟೆಲ್ ನಡೆಸುವ ಶೆಟ್ಟರು. ಸತ್ತವನು ಅವರ ಹೋಟೆಲಿನ ಮ್ಯಾನೇಜರ್ ಮಂಜುನಾಥ, ಕುಂದಾಪುರದ ಕಡೆಯವನು. "ಅಮ್ಮಾ, ಆ ಹೆಣ್ ಅಂಥದ್ದಲ್ಲ. ಒಂದ್ ಇರುವೆ ಸತ್ರೆ ಅಯ್ಯೋ ಅಂಬುದು ಮಾರಾಯ್ರೆ. ನೀವಾರೂ ಕೇಣಿ" ಎಂದರು. ಒಳಗೆ ಬೆಂಚಿನ ಮೇಲೆ ಜಲಜ ಕೂತಿದ್ದಳು. ಇಪ್ಪತ್ತೈದರ ಆಸುಪಾಸು. ಹಿಂದಿ ಅರೆಬರೆ, ಗುಜರಾತಿ ಸೊನ್ನೆ.

ನಾನು ಕನ್ನಡ ಮಾತಾಡಿದ್ದೇ ತಡ, ನನ್ನ ಕೈ ಹಿಡಿದುಕೊಂಡಳು.

"ನಾನೇ ಕೊಟ್ದ್ ಅಮ್ಮಾ. ಬ್ಯಾರೆ ಯಾರೂ ಅಲ್ಲ. ನಾನೇ ಅರ್ದ್, ನಾನೇ ಸೋಸಿ, ನಾನೇ ಲೋಟಕ್ ಹಾಕಿ ಕೊಟ್ದ್."

ಕರಾವಳಿಯವರಿಗೆ ಗೊತ್ತಿರುವ ಸಂಗತಿ ಇದು, ಉಳಿದವರಿಗೆ ಹೇಳಬೇಕು. ಆಷಾಢದ ಅಮಾವಾಸ್ಯೆಯ ದಿನ ಅಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಬರಿ ಹೊಟ್ಟೆಯಲ್ಲಿ ಕುಡಿಯಬೇಕು. ವರ್ಷದ ಕಾಯಿಲೆಯೆಲ್ಲ ಹೋಗುತ್ತದೆಂದು ನಂಬಿಕೆ. ಭಯವೂ ಒಂದಿದೆ. ಕತ್ತಲಲ್ಲಿ ಹಾಲೆ ಮರವೆಂದು ಕಾಸರಕನ ಮರದ ತೊಗಟೆ ಕಿತ್ತು ತಂದರೆ ಮನೆಗೆ ಮನೆಯೇ ಸತ್ತುಹೋಗುತ್ತದೆ. ಹಾಗೆ ಸತ್ತವರ ಕತೆಯನ್ನು ಆ ಕಡೆಯ ಮಕ್ಕಳು ಹಾಲಿನ ಜೊತೆಗೇ ಕೇಳಿ ಬೆಳೆಯುತ್ತಾರೆ.

ಜಲಜಳ ತಮ್ಮ ಶೀನ ಊರಿನಿಂದ ಅಕ್ಕನ ಮನೆಗೆ ಬಂದಿದ್ದ. ಬರುವಾಗ ಹಾಲೆಯ ತೊಗಟೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಪರಸ್ಥಳದಲ್ಲಿದ್ದವರಿಗೆ ತಾಜಾ ಸಿಗುವುದೆಲ್ಲಿ, ಇಷ್ಟಾದರೂ ಆಗಲಿ ಎಂದು. ಮಂಜುನಾಥ ಹಿಂದಿನ ದಿನ ಸೂರತ್‌ಗೆ ಹೋಗಿದ್ದವನು ಅಮಾವಾಸ್ಯೆಯ ಬೆಳಿಗ್ಗೆ ರೈಲಿನಲ್ಲಿ ಮರಳಿದ. ಬಂದವನೇ ಹೊಟ್ಟೆ ಒಂಥರಾ ಆಗುತ್ತಿದೆ ಎಂದ. ಕೈಗಡಿಯಾರ ಎಲ್ಲಿ ಎಂದು ಇವಳು ಕೇಳಿದರೆ, ಎಲ್ಲೋ ಬಿದ್ದಿರಬೇಕು ಎಂದ. "ಕಷಾಯ ಕುಡ್ರೆ ಹೊಟ್ಟಿ ಸಮಾ ಆತ್ತ್ ಅಂದೆ ಅಮ್ಮಾ. ಬ್ಯಾಡ ಅಂದ್ರ್. ಕಣ್ ಮುಚ್ಕಂಡ್ ಕುಡ್ದ್ ಬಿಡಿ ಅಂದೆ. ಸಂಜಿಗೆ..." ಸಂಜೆಗೆ ಅವನು ಸತ್ತಿದ್ದ. ಅವಳೂ ಶೀನನೂ ಮನೆಯ ಯಜಮಾನ ಕುಡಿದ ಮೇಲೆ ಕುಡಿಯೋಣವೆಂದು ಕಾದಿದ್ದರು. ಅಷ್ಟರಲ್ಲಿ ಮಂಜುನಾಥನಿಗೆ ವಾಂತಿ ಶುರುವಾಯಿತು, ಉಳಿದ ಕಷಾಯವನ್ನು ಹೆದರಿ ಚೆಲ್ಲಿದ್ದರು.

"ಮರ ಕಂಡ್ ಕೆತ್ತಿ ತಂದದ್ ನಮ್ ಶೀನ. ಅವ್ನಿಗ್ ಎಂತದೂ ಗೊತ್ತಿಲ್ಲೆ, ಕತ್ತಲಿ ಇದ್ದಿತ್ತ್. ಅವ್ನ್ ಹೆಸ್ರ್ ಬರೂಕಾಗ, ನಿಮ್ ಕಾಲಿಗ್ ಬೀಳ್ತೆ."

ನಾನು ದುಭಾಷಿ. ಒಂದಕ್ಷರ ಬಿಡದೆ ಇನ್‌ಸ್ಪೆಕ್ಟರಿಗೆ ಹೇಳಿದೆ. ಹೊಟ್ಟೆನೋವು ಮೊದಲೇ ಇತ್ತಂತೆ ಎನ್ನುವುದನ್ನು ಎರಡು ಸಲ ಹೇಳಿದೆ. ಅವನು ಬರೆಸಿಕೊಂಡದ್ದು ಒಂದೇ: ಕಹಿ ಪಾನೀಯವನ್ನು ತಾನೇ ತಯಾರಿಸಿ ತಾನೇ ಕೊಟ್ಟಿದ್ದಾಗಿ ಆರೋಪಿ ಒಪ್ಪಿದ್ದಾಳೆ. ಶೀನನ ಹೆಸರು ಅವನಿಗೆ ಬೇಕಾಗಿರಲಿಲ್ಲ. ಕೊಟ್ಟವಳು ಕೈಯಲ್ಲಿರುವಾಗ ಕೆತ್ತಿದವನನ್ನು ಹುಡುಕಿ ಕುಂದಾಪುರಕ್ಕೆ ಯಾರು ಹೋಗುತ್ತಾರೆ? ಮ್ಯಾಜಿಸ್ಟ್ರೇಟರ ಮುಂದೆಯೂ ಜಲಜ ಅದನ್ನೇ ಹೇಳಿದಳು. ಶೀನ ಹೆಣ ಸುಟ್ಟ ಮೇಲೆ ಶೆಟ್ಟರ ಬಲವಂತಕ್ಕೆ ಊರಿಗೆ ಹೋಗಿದ್ದ. ತಾನು ಕತ್ತಲಲ್ಲಿ ಮರ ತಪ್ಪಿ ಭಾವನನ್ನು ಕೊಂದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಕ್ಕನಿಗೂ ಇರಲಿಲ್ಲ.

ಇನ್ನು ಬರಣಿಯೊಂದೇ ದಾರಿ. ಕಾಸರಕದ ವಿಷ ಇದ್ದರೆ ಅದು ಆಕಸ್ಮಿಕ, ಜಲಜ ಹೊರಗೆ ಬರಬಹುದು. ಇಲ್ಲದಿದ್ದರೆ ತಮ್ಮನ ತಲೆಯ ಮೇಲಿನ ಕಲ್ಲು ಇಳಿಯುತ್ತದೆ. ಎರಡರಲ್ಲಿ ಯಾವುದೇ ಆದರೂ ಒಬ್ಬರಾದರೂ ಬದುಕಿಕೊಳ್ಳುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಬರಣಿ ನಮ್ಮಲ್ಲಿಗೇ ಬಂತು. ನಾನು ದುಭಾಷಿಯಾಗಿದ್ದರಿಂದ ಅದನ್ನು ಮುಟ್ಟುವ ಹಾಗಿರಲಿಲ್ಲ. ಸಾಹೇಬರು ಅದನ್ನು ಹರ್ಷದ್‌ಭಾಯಿಗೆ ಕೊಟ್ಟರು. ಪಕ್ಕದ ಮೇಜಿನವನು, ಒಳ್ಳೆಯ ಮನುಷ್ಯ. "ಮುಂದಿನ ವಾರ ಹಿಡಿಯುತ್ತೇನೆ ಬೆನ್, ನಿಮ್ಮ ಊರಿನವಳದ್ದಲ್ಲವೇ" ಎಂದ.

ಮುಂದಿನ ವಾರ ಸೂರತ್ ಹೊತ್ತಿಕೊಂಡಿತು.

ಅಲ್ಲಿಯ ವರಾಛಾ ಬಡಾವಣೆಯ ಒಂದು ವಜ್ರ ಪಾಲಿಶ್ ಕಾರ್ಖಾನೆಯಲ್ಲಿ ಮಧ್ಯಾಹ್ನದ ಚಹಾ ಕುಡಿದವರಲ್ಲಿ ಹನ್ನೊಂದು ಮಂದಿ ಸತ್ತರು. ಚಹಾದ ಪಾತ್ರೆಗೆ ವಿಷ ಹಾಕಿದವನು ಆ ತಿಂಗಳು ಕೆಲಸದಿಂದ ತೆಗೆಯಲ್ಪಟ್ಟ ಕಾರ್ಮಿಕ. ಓಡಿಹೋಗಲಿಲ್ಲ. ಎದುರು ಕಟ್ಟಡದ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ, ಪೊಲೀಸರು ಅಲ್ಲಿಂದಲೇ ಎತ್ತಿದರು. ಊರೇ ಬಂದ್ ಆಯಿತು. ಮಂತ್ರಿಗಳು ಬಂದರು, ಟಿವಿಯವರು ಬಂದರು. ಚಹಾದ ಪಾತ್ರೆ, ಲೋಟಗಳನ್ನು ತರಲು ಸಾಹೇಬರು ನನ್ನನ್ನೂ ಸೂರತ್‌ಗೆ ಕಳಿಸಿದರು. ಠಾಣೆಯಲ್ಲಿ ಆ ಮನುಷ್ಯ ಗೋಡೆಗೆ ಒರಗಿ ಕುಕ್ಕರುಗಾಲಿನಲ್ಲಿ ಕೂತಿದ್ದ. ನನ್ನನ್ನು ಆಸ್ಪತ್ರೆಯವಳು ಅಂದುಕೊಂಡನೋ ಏನೋ, "ಬೆನ್, ಜಿತು ಬಚ್ಯೋ?" ಎಂದು ಕೇಳಿದ, ಜಿತು ಉಳಿದನೇ ಎಂದು. ಜಿತು ಅವನ ಊರಿನವನೇ, ಒಂದೇ ಖೋಲಿಯಲ್ಲಿ ಮಲಗುತ್ತಿದ್ದವನು. ಉಳಿದಿರಲಿಲ್ಲ. ನಾನು ಲೋಟಗಳ ಪಟ್ಟಿ ಬರೆಯತೊಡಗಿದೆ. ಅವನಾಗಿಯೇ ಒಬ್ಬೊಬ್ಬರ ಹೆಸರು ಹಿಡಿದು ಕೇಳತೊಡಗಿದ, ಕೇಳುತ್ತ ಕೇಳುತ್ತ ಹಣೆ ಚಚ್ಚಿಕೊಂಡ. ಥೂ ಪಾಪಿ ಅನ್ನಬೇಕು, ಅಂದೆ ಕೂಡ. ಆದರೂ ಹೊರಡುವಾಗ ಅವನ ಕಡೆ ಇನ್ನೊಮ್ಮೆ ತಿರುಗಿ ನೋಡಿದೆ.

ಹನ್ನೊಂದು ಜನರ ಬರಣಿಗಳೂ ಒಂದೇ ಜೀಪಿನಲ್ಲಿ ಬಂದವು. ಎಲ್ಲಕ್ಕೂ ಸೇರಿ ಒಂದು ನಂಬರು. ಇಡೀ ವಿಭಾಗ ಅದರ ಮೇಲೆ ಬಿತ್ತು. "ಬೀಜು ಬಧು ಪಛೀ" ಎಂದರು ಸಾಹೇಬರು, ಉಳಿದದ್ದೆಲ್ಲ ಆಮೇಲೆ. ಕೊಂದವನು ಯಾರೆಂದು ಗೊತ್ತು, ಏನು ಹಾಕಿದನೆಂದು ಅವನೇ ಹೇಳಿದ್ದಾನೆ, ಮಿಕ್ಕ ಪೊಟ್ಟಣ ಅವನ ಜೇಬಿನಲ್ಲೇ ಸಿಕ್ಕಿದೆ. ಆದರೂ ನಾವು ಹನ್ನೊಂದು ಜನರ ತುಂಡುಗಳನ್ನೂ ಅರೆದೆವು, ಸೋಸಿದೆವು, ಎರಡೆರಡು ಸಲ ನೋಡಿದೆವು. ಮೇಲಿನವರು ದಿನಕ್ಕೆ ಮೂರು ಸಲ ಫೋನು ಮಾಡಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಜಲಜಳ ಗಂಡನ ಬರಣಿ ಕಪಾಟಿನ ಕೆಳಗಿನ ಅರೆಯಲ್ಲಿ ಕಾಯುತ್ತಿತ್ತು. ಅದಕ್ಕಾಗಿ ಯಾರೂ ಫೋನು ಮಾಡುತ್ತಿರಲಿಲ್ಲ.

ನಾನು ವಾರ ವಾರವೂ ಹೇಳಿದೆ. ಹರ್ಷದ್‌ಭಾಯಿಗೆ ಹೇಳಿದೆ, ಸಾಹೇಬರಿಗೆ ಹೇಳಿದೆ. ಒಂದು ದಿನ ತಡೆಯಲಾರದೆ, "ಸಾಹೇಬ್ರೇ, ಹನ್ನೊಂದು ಮಂದಿಯನ್ನು ಕೊಂದವನು ಯಾರೆಂದು ಬೀದಿಯ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ಈ ಒಂದು ಬರಣಿಯದು. ಯಾವುದನ್ನು ಮೊದಲು ನೋಡಬೇಕು?" ಎಂದು ಜಗಳಕ್ಕೇ ನಿಂತೆ. ಅವರು ಸೋಂಪಿನ ಡಬ್ಬಿ ಮುಂದೆ ಚಾಚಿ, "ತಗೊಳ್ಳಿ ಬೆನ್, ತಣ್ಣಗಾಗಿ" ಎಂದರು. ಕೋಣನ ಮುಂದೆ ಕಿನ್ನರಿ.

ದೀಪಾವಳಿ ಮುಗಿದಿತ್ತು. ಶೆಟ್ಟರ ಫೋನು ಬಂತು.

"ಅಮ್ಮಾ, ಜಲಜನ ತಮ್ಮ ಬಾವಿಗ್ ಹಾರಿದ್ನಂಬ್ರ್."

ಶೆಟ್ಟರೇ ಮುಂದುವರಿಸಿದರು. ಶೀನ ಊರಿಗೆ ಹೋದಾಗಿನಿಂದ ಊಟ ಬಿಟ್ಟಿದ್ದನಂತೆ. ಆ ಮರ ಹಾಲೆಯೋ ಕಾಸರಕವೋ ಎಂದು ಊರವರನ್ನು ಕರೆದುಕೊಂಡು ಹೋಗಿ ತೋರಿಸು ಎಂದು ತಾಯಿ ಬೇಡಿಕೊಂಡರೆ ಕೇಳಲಿಲ್ಲವಂತೆ. ಕೊಡಲಿ ತಗೊಂಡು ಒಬ್ಬನೇ ಹೋಗಿ ಮರವನ್ನೇ ಕಡಿದು, ಸಿಗಿದು, ಸುಟ್ಟುಹಾಕಿದ. ಮಾರನೆಯ ದಿನ ಬಾವಿ. "ಇನ್ ಆ ಹೆಣ್ಣಿಗ್ ಜೈಲಿಗ್ ಹೋಯಿ ನಾನೇ ಹೇಳ್ಕಲೆ. ಹ್ಯಾಂಗ್ ಹೇಳುದ್ ಅಮ್ಮಾ?" ಎಂದು ಆ ದೊಡ್ಡ ಮನುಷ್ಯ ಫೋನಿನಲ್ಲೇ ಗೊಳೋ ಎಂದು ಅತ್ತರು. ಮನೆಗೆ ಹೋಗಿ ನಾನು ಉಣ್ಣದೆ ಕೂತೆ. ಯಜಮಾನರು, "ನೀ ಏನ್ ಮಾಡಾಕಿ ಇದ್ದಿ, ನಿನ್ನ ಕೈಯಾಗ ಏನಿತ್ತ?" ಎಂದರು. ಅದೇ ಕಾರಣಕ್ಕೆ ಊಟ ಸೇರಲಿಲ್ಲ.

ವರಾಛಾದ ವರದಿ ಹೋದ ಮೇಲೆ, ಚಳಿಗಾಲದಲ್ಲಿ, ಹರ್ಷದ್‌ಭಾಯಿ ಆ ಬರಣಿ ತೆರೆದ. ಕಾಸರಕದ ವಿಷ ಲವಲೇಶವೂ ಇರಲಿಲ್ಲ. ಶೀನ ಕೆತ್ತಿ ತಂದದ್ದು ಸರಿಯಾದ ಮರವನ್ನೇ. ಬರಣಿಯಲ್ಲಿದ್ದದ್ದು ಬಣ್ಣದ ಕಾರ್ಖಾನೆಗಳಲ್ಲಿ ಬಳಸುವ ಒಂದು ಲವಣ. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಬೇಡದವರೂ ಓದುತ್ತಾರೆ. ತೆಗೆದುಕೊಂಡ ಎಷ್ಟೋ ತಾಸಿನ ಮೇಲೆ ಕೊಲ್ಲುವ ಜಾತಿಯದು. ಅಂದರೆ ಮನೆಗೆ ಬರುವ ಮೊದಲೇ, ರೈಲಿನಲ್ಲೇ ಹೊಟ್ಟೆಗೆ ಬಿದ್ದಿದೆ.

ನಾನು ಇನ್‌ಸ್ಪೆಕ್ಟರನಿಗೆ ಫೋನು ಮಾಡಿ, ತೊಗಟೆಯಿಂದ ಆದದ್ದಲ್ಲ, ಇದು ಬೇರೆಯೇ ವಿಷ ಎಂದು ಬಿಡಿಸಿ ಹೇಳಿದೆ. ಅವನಿಗೆ ಭಾರೀ ಸಂತೋಷವಾಯಿತು. "ಹಾಗಾದರೆ ಕಹಿಯಲ್ಲಿ ಕಲಸಿ ಕೊಟ್ಟಿದ್ದಾಳೆ ಬೆನ್! ಕಹಿಯಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ನಾನು ಆಕಸ್ಮಿಕ ಎಂದು ಕೇಸು ಬಿದ್ದುಹೋಗುತ್ತದೇನೋ ಅಂತ ಹೆದರಿದ್ದೆ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಜಲಜಳ ವಕೀಲರ ಹತ್ತಿರ ಹೋದೆ. ಅವರು ಬಾಗಿಲು ಹಾಕಿ, "ತಾಯಿ, ತಪ್ಪು ಮರದ ತೊಗಟೆ ಅನ್ನುವುದೊಂದೇ ಇವಳಿಗೆ ಉಳಿದಿರುವ ದಾರಿ. ಲ್ಯಾಬಿನ ವರದಿಯೇ ತಪ್ಪು ಎಂದು ವಾದಿಸುತ್ತೇನೆ, ನೀವು ಕೆಡಿಸಬೇಡಿ. ನೀವು ದುಭಾಷಿ, ಸಾಕ್ಷಿಯ ಪಟ್ಟಿಯಲ್ಲಿದ್ದೀರಿ, ಅವಳನ್ನು ಕಾಣಲೂ ಕೂಡದು" ಎಂದರು. ಹೀಗೆ ಪೊಲೀಸರಿಗೂ ನಿಜ ಬೇಡ, ವಕೀಲರಿಗೂ ನಿಜ ಬೇಡ. ಶೆಟ್ಟರು ಜೈಲಿಗೆ ಹೋದಾಗ ಅವಳಿಗೆ ಹೇಳಿ ನೋಡಿದರಂತೆ. "ಅದ್ ಪೊಲೀಸ್ನರ್ ಹೇಳೂದ್. ನಾ ಎಂತದೋ ವಿಷ ಕಲ್ಸಿದ್ದೆ ಅಂದೇಳಿ ಮಾಡೂಕೆ" ಎಂದು ಅವಳು ಕಿವಿ ಮುಚ್ಚಿಕೊಂಡಳಂತೆ. ಸೆಷನ್ಸ್ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು.

ಹರ್ಷದ್‌ಭಾಯಿಯ ಗಾಜಿನ ಹಲಗೆಯ ಮೇಲೆ ವಿಷದ ಜೊತೆಗೆ ಒಂದು ನೀಲಿ ಗೆರೆ ಬಂದಿತ್ತು. ಲವಣದ ಜೊತೆ ಬಂದ ಬಣ್ಣದ ಕೊಳೆ. ಅದನ್ನು ನಾನು ಮೊದಲೇ ನೋಡಿದ್ದೆ. ಅಹಮದಾಬಾದಿನ ಒಬ್ಬ ವಯಸ್ಸಾದ ಗುಮಾಸ್ತರ ಬರಣಿಯಲ್ಲಿ. ಅವರದು ಆತ್ಮಹತ್ಯೆ ಎಂದಾಗಿತ್ತು, ಮಗ ದುಡ್ಡು ಕೊಡುತ್ತಿರಲಿಲ್ಲ ಎಂದು ನೆರೆಯವರು ಮಗನ ಮುಖಕ್ಕೆ ಉಗಿದಿದ್ದರು. ಸೂರತ್‌ನ ಒಬ್ಬ ಬಟ್ಟೆ ದಲ್ಲಾಳಿಯ ಬರಣಿಯಲ್ಲೂ ಇತ್ತು. ಆ ಮನೆಯ ಅಡುಗೆಯವನು ಜೈಲಿನಲ್ಲಿದ್ದ. ಮೂರೂ ವರದಿಗಳನ್ನು ಸಾಹೇಬರ ಮೇಜಿನ ಮೇಲೆ ಇಟ್ಟೆ. "ಸಾಹೇಬ್ರೇ, ಇದು ಒಬ್ಬನದೇ ಕೆಲಸ. ವರಾಛಾದಲ್ಲಿ ಒಂದು ನಂಬರಿಗೆ ಹನ್ನೊಂದು ಜನ. ಇಲ್ಲಿ ಒಂದೊಂದು ನಂಬರಿಗೆ ಒಬ್ಬೊಬ್ಬರು."

ಅವರು ತುಂಬ ಹೊತ್ತು ನೋಡಿದರು. ಅವರಿಗೆ ತಿಳಿಯಲಿಲ್ಲ ಎಂದು ನಾನು ಹೇಳಲಾರೆ. "ಯಾರು ಕೇಳಿದ್ದಾರೆ ಬೆನ್?" ಎಂದರು. "ಮೂರು ಠಾಣೆ, ಮೂರು ಕಡತ. ಮೂರು ಕಡೆಯೂ ಕಾರಣ ಸಿಕ್ಕಿ ಆಗಿದೆ." ಕೇಳಿದ್ದಕ್ಕೆ ಉತ್ತರ. ಯಾರೂ ಕೇಳಿರಲಿಲ್ಲ. ನಾನೇ ಬೇರೆ ಬೇರೆ ಠಾಣೆಗೆ ಫೋನು ಮಾಡಿದೆ, ಮೇಲಿನವರಿಗೂ ಹೇಳಿದೆ, ಹುಚ್ಚಿ ಅನ್ನಿಸಿಕೊಂಡೆ. ಆ ವರ್ಷ ನೀಲಿ ಗೆರೆಯ ಬರಣಿಗಳು ಇನ್ನೂ ಬಂದವು.

ಕೊನೆಗೆ ಅವನು ಸಿಕ್ಕಿದ್ದು ನಮ್ಮಿಂದಲ್ಲ, ಪೊಲೀಸರಿಂದಲೂ ಅಲ್ಲ. ವಡೋದರಾ, ಅಹಮದಾಬಾದ್, ಸೂರತ್ ನಡುವೆ ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರು ಸಾವಿರಾರು ಮಂದಿ. ಅಪ್‌ಡೌನ್ ಮಾಡುವವರು ಎನ್ನುತ್ತಾರೆ. ಬೆಳಗಿನ ಬೋಗಿಗಳಲ್ಲಿ ತಾಳ ಹಿಡಿದು ಭಜನೆ ಮಾಡುತ್ತಾರೆ, ಪ್ರಸಾದ ಹಂಚುತ್ತಾರೆ. ಅಲ್ಲಿ ಪ್ರಸಾದ ಬೇಡ ಎನ್ನುವವರಿಲ್ಲ. ಹಣೆಗೆ ತಿಲಕ ಇಟ್ಟ ಒಬ್ಬ ಮುದುಕ ಒಂಟಿಯಾಗಿ ಕೂತವರಿಗೆ ಪೇಡೆ ಕೊಡುತ್ತಿದ್ದ. ಒಬ್ಬ ಸಕ್ಕರೆ ಕಾಯಿಲೆಯ ಗಿರಾಕಿ ತಿನ್ನುವ ಹಾಗಿಲ್ಲ, ಬಿಸಾಡಿದರೆ ಪಾಪ ಎಂದು ಜೇಬಿಗೆ ಹಾಕಿಕೊಂಡು ಇಳಿದು ಬೀದಿನಾಯಿಗೆ ಹಾಕಿದ. ನಾಯಿ ಸತ್ತಿತು. ಮತ್ತೆ ಅದೇ ರೈಲಿನಲ್ಲಿ ಮುದುಕ ಕಂಡಾಗ ಕೂಗೆಬ್ಬಿಸಿದ.

ಮುದುಕ ಹಿಂದೆ ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಇದ್ದವನು. ಅವನ ಖೋಲಿಯಲ್ಲಿ ಕೈಗಡಿಯಾರಗಳ ರಾಶಿ ಸಿಕ್ಕಿತು. ತೂಕಡಿಸುವವರ ಕೈಯಿಂದ ಕಳಚಿಕೊಂಡದ್ದು, ಒಂದನ್ನೂ ಮಾರಿರಲಿಲ್ಲ. ಮಂಜುನಾಥನ ಗಡಿಯಾರವನ್ನು ಶೆಟ್ಟರು ಗುರುತು ಹಿಡಿದರು, ಹೋಟೆಲಿನ ವಾರ್ಷಿಕೋತ್ಸವಕ್ಕೆ ಅವರೇ ಕೊಟ್ಟದ್ದು. ಆಗ ನಮ್ಮ ಸಾಹೇಬರಿಗೂ ಕೇಳುವವರು ಬಂದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಎಲ್ಲರೂ ಓಡಿದೆವು.

ಅವನ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಹೋದಾಗ ಅವನನ್ನು ಹತ್ತಿರದಿಂದ ನೋಡಿದೆ. ಶುಭ್ರ ಧೋತಿ, ಕತ್ತಿನಲ್ಲಿ ತುಳಸಿ ಮಾಲೆ. ಹೊರಗೆ ಕಾಯುವಾಗ ನಾನು ಬೆವರುತ್ತಿದ್ದುದನ್ನು ಕಂಡು ಕಾವಲಿನ ಪೊಲೀಸನಿಗೆ, "ಬೆನ್‌ಗೆ ನೀರು ಕೊಡಪ್ಪ" ಎಂದ. ಜಡ್ಜರು ಗಡಿಯಾರ ತೋರಿಸಿ ಮಂಜುನಾಥನ ಹೆಸರು ಹೇಳಿ ಕೇಳಿದರೆ ಯಾರು ಎಂದ. ಯಾರ ಹೆಸರು ಹೇಳಿದರೂ ಯಾರು ಎಂದ. ನಾಟಕವಲ್ಲ, ನಿಜವಾಗಿ ಗೊತ್ತಿರಲಿಲ್ಲ. "ಪ್ರಸಾದ ಕೊಡುತ್ತಿದ್ದೆ. ಕರೆಸಿಕೊಂಡವನು ಕರೆಸಿಕೊಂಡ" ಎಂದು ಮೇಲೆ ಕೈ ತೋರಿಸಿದ. ವರಾಛಾದವನಿಗೆ ಹನ್ನೊಂದು ಹೆಸರೂ ಗೊತ್ತಿತ್ತು. ಜಿತು ಉಳಿದನೇ ಎಂದು ಕೇಳಿದವನನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಇವನನ್ನು ನೆನೆದರೆ ಬರೀ ಚಳಿ.

ಹುಡುಗರೇ, ನಾನು ಕಂಡ ವ್ಯತ್ಯಾಸ ಇದು. ಸಾಮೂಹಿಕ ಕೊಲೆಯಲ್ಲಿ ಎಷ್ಟೇ ಜನ ಸತ್ತರೂ ಕೊಲೆಗಾರ ಒಬ್ಬನೇ. ಸರಣಿ ಕೊಲೆಯಲ್ಲಿ ಪ್ರತಿ ಹೆಣಕ್ಕೂ ನಾವು ಒಬ್ಬ ಹೊಸ ಕೊಲೆಗಾರನನ್ನು ಹುಡುಕಿ ಕೊಡುತ್ತೇವೆ. ಒಂದು ಕಡೆ ಮಗ, ಇನ್ನೊಂದು ಕಡೆ ಅಡುಗೆಯವನು, ಮತ್ತೊಂದು ಕಡೆ ಹೆಂಡತಿ. ಕೊಂದವನು ಭಜನೆ ಮಾಡಿಕೊಂಡು ಆರಾಮ ಇರುತ್ತಾನೆ. ಯಾರು ಹೆಚ್ಚು ಅಪಾಯ ಎಂದು ನೀವೇ ಹೇಳಿ.

ಮುದುಕನಿಗೆ ಶಿಕ್ಷೆಯಾದದ್ದು ಕಡತ ತೆರೆದಿದ್ದ ಕೊಲೆಗಳಿಗೆ ಮಾತ್ರ. ತೀರ್ಪಾಗಿ ಮುಚ್ಚಿದ್ದನ್ನು ಪೊಲೀಸರು ಅವನ ತಲೆಗೆ ಕಟ್ಟಲಿಲ್ಲ, ಕಟ್ಟಿದರೆ ತಮ್ಮ ತಲೆಗೇ ಬರುತ್ತಿತ್ತು. ಜಲಜಳ ಮೇಲ್ಮನವಿಯನ್ನು ಶೆಟ್ಟರು ಹೈಕೋರ್ಟಿನಲ್ಲಿ ಹೋರಾಡಿಸಿದರು. ಗಡಿಯಾರ ಮುಂದೆ ಮಾಡಿದ ಮೇಲೆ ಬಿಟ್ಟರು. ನಿರಪರಾಧಿ ಎಂದಲ್ಲ, ಸಂಶಯದ ಲಾಭ ಕೊಟ್ಟು. ಆ ಎರಡು ಪದ ಹಿಡಿದುಕೊಂಡು ಅತ್ತೆ ಮನೆಯವರು ಅವಳನ್ನು ಸೇರಿಸಲಿಲ್ಲ, ಅದು ಬೇರೆ ಕತೆ. ಜಲಜ ಮಾತ್ರ ಪೇಡೆಯ ಸಂಗತಿಯನ್ನು ತನ್ನನ್ನು ಬಿಡಿಸಲು ವಕೀಲರು ಕಟ್ಟಿದ್ದು ಎಂದೇ ನಂಬಿದ್ದಳಂತೆ.

ಬಿಡುಗಡೆಯ ದಿನ ನಾನು ರಜೆ ಹಾಕಿ ವಡೋದರಾಕ್ಕೆ ಹೋದೆ. ಪ್ರಕರಣ ಮುಗಿದಿತ್ತು, ಇನ್ನು ನನ್ನನ್ನು ಯಾರೂ ತಡೆಯುವ ಹಾಗಿರಲಿಲ್ಲ. ಜೈಲಿನ ಗೇಟಿನ ಹೊರಗೆ ಶೆಟ್ಟರು ರಿಕ್ಷಾ ನಿಲ್ಲಿಸಿಕೊಂಡು ಕಾದಿದ್ದರು. ಜಲಜ ಹೊರಗೆ ಬಂದಳು. ಬಡಕಲಾಗಿದ್ದಳು, ಗುಜರಾತಿ ಹೆಂಗಸರ ಹಾಗೆ ಸೆರಗು ಹೊದ್ದಿದ್ದಳು. ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು.

ಇಷ್ಟು ವರ್ಷ ಎದೆಯೊಳಗೆ ಇಟ್ಟುಕೊಂಡದ್ದನ್ನು ಹೇಳಿದೆ. "ನಾ ಪೊಲೀಸ್ರ ಮಾತ ಹೇಳಾಕತ್ತಿಲ್ಲ ಜಲಜಾ. ನನ್ನ ಕಣ್ಣಿಲೆ ನೋಡೀನಿ. ನೀ ಕೊಟ್ಟ ಕಷಾಯ ಹಾಲಿ ಮರದ್ದ. ಅದ್ರಾಗ ಏನೂ ಇರಲಿಲ್ಲ. ನಿನ್ನ ತಮ್ಮ ಮರ ತಪ್ಪಿಲ್ಲ. ನಿಮ್ಮಿಬ್ರದೂ ಏನೂ ತಪ್ಪಿಲ್ಲವ್ವಾ."

ಇದನ್ನು ಕೇಳಿ ಅವಳ ಮನಸ್ಸು ಹಗುರಾಗುತ್ತದೆ ಎಂದು ನಾನು ನಂಬಿದ್ದೆ. ಅಳುತ್ತಾಳೆ, ನಾನೂ ಅತ್ತು ಬಿಡೋಣ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ನಾನು ಹೇಳಿದ್ದನ್ನು ತನ್ನೊಳಗೆ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದಳು.

"ಹಾಂಗಾರೆ ಹಾಲಿಯೇ?"

"ಹೌದವ್ವಾ. ಹಾಲಿ ಮರದ್ದ."

"ಸಮಾ ಕಂಡಿರ್ಯಾ ಅಮ್ಮಾ?"

"ಸಮಾ ನೋಡೀನಿ."

"ಹಾಂಗಾರೆ ನಮ್ ಶೀನ ಎಂತಕ್ ಸತ್ತ?"

ಶೆಟ್ಟರು ಮುಖ ತಿರುಗಿಸಿಕೊಂಡರು. ರಿಕ್ಷಾದವನು ಹೊತ್ತಾಯಿತು ಎಂದು ಹಾರ್ನ್ ಹೊಡೆದ. ಜಲಜ ಹತ್ತಲಿಲ್ಲ. ಉತ್ತರ ಕೇಳಿಕೊಂಡೇ ಹೋಗುತ್ತೇನೆ ಎಂಬಂತೆ ನನ್ನ ಮುಖ ನೋಡುತ್ತ ಅಲ್ಲೇ ನಿಂತಳು.